ಬೆಟ್ಟವಿಲ್ಲದ ಊರಿನ ಗುಡ್ಡೆಗಳು

ಮೈಸೂರಿನಿಂದ ಜೆಪ್ಪುವಿನ ಬಂಧುಗಳ ಮನೆಗೆ ಬಂದಿಳಿದ ಅತಿಥಿ ಸಂಜೆಯ ಕಾಫಿಯ ಹೊತ್ತಿಗೆ ಕೇಳುವ ಪ್ರಶ್ನೆಯೊಂದುಂಟು: "ನಿಮ್ಮ ಊರಿನ ಬೆಟ್ಟ ಯಾವುದು, ಭಾವ?" ಚಾಮುಂಡಿಯ ಸಾವಿರ ಮೆಟ್ಟಿಲುಗಳನ್ನು ಎಣಿಸುತ್ತ ಬೆಳೆದವರಿಗೆ, ತಲೆಯೆತ್ತಿ ನೋಡಲು ಒಂದು ಬೆಟ್ಟವಿಲ್ಲದ ಊರು ಊರೆನಿಸುವುದಿಲ್ಲ. ಮನೆಯ ಯಜಮಾನರು ನಕ್ಕು, "ನೀವೀಗ ಕೂತದ್ದೇ ಅದರ ಮೇಲೆ, ಭಾವ" ಎನ್ನುತ್ತಾರೆ.

ವಿನೋದದ ಮಾತಾದರೂ ಸುಳ್ಳಲ್ಲ. ಬೆಟ್ಟ ಊರಿನ ಪಕ್ಕದಲ್ಲಿ ನಿಲ್ಲುತ್ತದೆ. ಮಂಗಳೂರಿನಲ್ಲಾದರೋ ಗುಡ್ಡೆಯ ಮೇಲೆ ಊರೇ ಕುಳಿತಿದೆ. ನೆತ್ತಿ ಚಪ್ಪಟೆಯಾಗಿದ್ದರೆ ಅದು ಪದವು, ಕೆಳಗಿನ ಗದ್ದೆಯ ನೆಲ ಬೈಲು. ಕೊಡಿಯಾಲಬೈಲಿನಲ್ಲಿ ಇಂದು ಗದ್ದೆಯನ್ನು ಹುಡುಕುವುದು ವ್ಯರ್ಥ. ಹೆಸರಷ್ಟೇ ತಗ್ಗಿನ ನೆನಪನ್ನು ಉಳಿಸಿಕೊಂಡಿದೆ.

ಎತ್ತರ ಸಾಲದೆಂದು ಈ ಗುಡ್ಡೆಗಳನ್ನು ಕಡೆಗಣಿಸುವಂತಿಲ್ಲ. ೧೮೩೭ರ ಏಪ್ರಿಲಿನಲ್ಲಿ ಅಮರಸುಳ್ಯದ ಕಡೆಯಿಂದ ಎದ್ದು ಬಂದ ರೈತರು ಇಂಗ್ಲಿಷರ ಧ್ವಜವನ್ನಿಳಿಸಿ ತಮ್ಮದನ್ನೇರಿಸಿದ್ದು ಬಾವುಟಗುಡ್ಡೆಯ ಮೇಲೆ. ಅವರ ಮುಂದಾಳು ಕೆದಂಬಾಡಿ ರಾಮಯ್ಯಗೌಡರ ಪ್ರತಿಮೆ ಅಲ್ಲಿ ನಿಂತದ್ದು ೨೦೨೨ರಲ್ಲಿ. ಕದ್ರಿಯ ಗುಡ್ಡೆಯ ಮಡಿಲಲ್ಲಿ ಮಂಜುನಾಥನ ಗುಡಿ. ಅಲ್ಲಿಯ ಲೋಕೇಶ್ವರನ ಕಂಚಿನ ಮೂರ್ತಿಯ ಪೀಠದಲ್ಲಿ ಆಳುಪ ಅರಸ ಕುಂದವರ್ಮನ ಕ್ರಿ.ಶ. ೯೬೮ರ ಶಾಸನವಿದೆ. ಗುಡಿಯ ಹಿಂದಣ ಎತ್ತರದಿಂದ ಒರತೆಯೊಂದು ಇಳಿದು ಕೆರೆಗಳನ್ನು ತುಂಬುತ್ತದೆ. ಭಕ್ತರು ತೀರ್ಥವೆಂದು ತಲೆಗೆ ಪ್ರೋಕ್ಷಿಸಿಕೊಳ್ಳುವ ಈ ನೀರಿನಲ್ಲಿಯೇ ಗುಡ್ಡೆಯ ಗುಟ್ಟು ಅಡಗಿದೆ.

ಗುಡ್ಡೆಯ ಮೇಲ್ಪದರ ಮುರಕಲ್ಲು. ನೆಲದಿಂದ ಕಡಿಯುವಾಗ ಮೆದುವಾಗಿದ್ದು, ಗಾಳಿ ತಾಗಿದಂತೆ ಗಟ್ಟಿಯಾಗುವ ವಿಚಿತ್ರ ಶಿಲೆಯಿದು. ಮಲಬಾರು, ಕೆನರಾಗಳಲ್ಲಿ ಸಂಚರಿಸಿದ್ದ ಫ್ರಾನ್ಸಿಸ್ ಬುಕಾನನ್ ೧೮೦೭ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಇದಕ್ಕೆ 'ಲ್ಯಾಟರೈಟ್' ಎಂದು ನಾಮಕರಣ ಮಾಡಿದ. ಕೆನರಾದ ಕಲ್ಲುಕುಟ್ಟಿಗನಿಗೆ ಆ ಹೆಸರಿನ ಅಗತ್ಯವೇನೂ ಇರಲಿಲ್ಲ. ೧೮೬೦ರ ದಶಕದಲ್ಲಿ ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ, ನೇತ್ರಾವತಿಯ ಸಮೀಪ, ಹಂಚಿನ ಕಾರ್ಖಾನೆ ತೆರೆದ ಮೇಲಂತೂ ಇಲ್ಲಿಯ ಮನೆ ಪೂರ್ಣ ಸ್ವದೇಶಿಯಾಯಿತು: ಗೋಡೆ ಗುಡ್ಡೆಯಿಂದ, ಮಾಡು ಹೊಳೆಬದಿಯ ಜೇಡಿಯಿಂದ.

ಮುರಕಲ್ಲಿನ ಮೈತುಂಬ ತೂತುಗಳು. ಮಳೆಗಾಲದ ನೀರನ್ನು ಅದು ಹೀರಿ ಒಡಲಲ್ಲಿಟ್ಟುಕೊಂಡು, ಬೇಸಗೆಯವರೆಗೆ ಬುಡದ ಬಾವಿಗಳಿಗೆ ಜಿಪುಣನಂತೆ ಸ್ವಲ್ಪಸ್ವಲ್ಪವಾಗಿ ಬಿಡುತ್ತದೆ. ಅದರ ಕೆಳಗಿನ ಪದರ ಶೇಡಿಮಣ್ಣು. ಈ ಮಣ್ಣು ಒಣಗಿದ್ದಾಗ ಸಾಧು. ನೀರು ಕುಡಿದರೆ ಜಾರುವ ಸ್ವಭಾವದ್ದು. ಮೇಲಿನ ಕಲ್ಲಿನ ಕವಚವಿರುವವರೆಗೆ ಅದರಿಂದ ಕೇಡಿಲ್ಲ. ಕವಚವನ್ನು ಸೀಳಿ, ಇಳಿಜಾರನ್ನು ಗೋಡೆಯಂತೆ ನೆಟ್ಟಗೆ ಕಡಿದರೆ ಮುಂದಿನ ಆಷಾಢದಲ್ಲಿ ಅದು ಲೆಕ್ಕ ಕೇಳುತ್ತದೆ. ವಾಮಂಜೂರಿನ ಬಳಿಯ ಕೆತ್ತಿಕಲ್ಲಿನಲ್ಲಿ ಹೆದ್ದಾರಿಗೆಂದು ಕಡಿದ ಗುಡ್ಡ ೨೦೨೪ರ ಮಳೆಗಾಲದಲ್ಲಿ ಜರಿಯತೊಡಗಿ, ಅಲ್ಲಿಯ ನಿವಾಸಿಗಳು ಮನೆ ತೊರೆಯಬೇಕಾಯಿತು.

ಜರಿದ ಗುಡ್ಡ ಕಣ್ಣಿಗೆ ಬೀಳುತ್ತದೆ, ಪತ್ರಿಕೆಯಲ್ಲಿ ಚಿತ್ರವೂ ಬರುತ್ತದೆ. ಬತ್ತುವ ಬಾವಿಯದು ಹಾಗಲ್ಲ. ನಲ್ಲಿಯಿದೆಯಲ್ಲ ಎಂಬ ಧೈರ್ಯದಲ್ಲಿ ಜನ ಅದನ್ನು ಮರೆತಿರುತ್ತಾರೆ. ೨೦೧೯ರ ಬೇಸಗೆಯಲ್ಲಿ ತುಂಬೆಯ ಅಣೆಕಟ್ಟಿನಲ್ಲಿ ನೀರು ಕುಗ್ಗಿ, ನಗರಕ್ಕೆ ಸರದಿಯ ಮೇಲೆ ನೀರು ಬಿಡುವಂತಾದಾಗ ಎಷ್ಟೋ ಮನೆಗಳವರು ಹಿತ್ತಿಲಿಗೆ ಹೋಗಿ ಬಾವಿಯ ಮುಚ್ಚಳ ತೆಗೆದರು. ಮಳೆ ಕಡಿಮೆಯಾದ ನಾಡೇನೂ ಇದಲ್ಲ. ವರ್ಷಕ್ಕೆ ೩೦೦೦ ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ. ಸುರಿದದ್ದನ್ನು ಹಿಡಿದಿಡುವ ನೆಲಕ್ಕೆ ಕಾಂಕ್ರೀಟು ಹೊದಿಸಿದರೆ ನೀರು ನಿಲ್ಲುವುದಾದರೂ ಎಲ್ಲಿ?

ಮರುದಿನ ಬೆಳಗ್ಗೆ ಮೈಸೂರಿನ ಅತಿಥಿಗೆ ಬಾವಿಯಿಂದ ತಾನೇ ನೀರು ಸೇದಿ ಸ್ನಾನಮಾಡುವ ಉತ್ಸಾಹ. ಕೊಡ ಇಳಿಯುತ್ತದೆ, ಇಳಿಯುತ್ತಲೇ ಇರುತ್ತದೆ. ಹಗ್ಗದ ನಡುವೆ ಗಂಟೊಂದು ಕೈಗೆ ತಾಗಿ, "ಇದೇನು, ಭಾವ?" ಎಂದು ಕೇಳುತ್ತಾರೆ.

"ಮೇಲಿನ ಗುಡ್ಡೆ ಕಡಿದ ಮೇಲೆ ಇನ್ನೊಂದು ಮಾರು ಹಗ್ಗ ಸೇರಿಸಿದ್ದು" ಎಂದು ಹೇಳಿ ಯಜಮಾನರು ಟವೆಲು ತರಲು ಒಳಗೆ ಹೋಗುತ್ತಾರೆ.