ಸಾರುವೆಯಿಂದ ಬಿದ್ದವನ ಋಣ

ಮೂಡಲಪಾಳ್ಯದಿಂದ ಸಹೋದರಿಯೊಬ್ಬರು ಬರೆದ ಪತ್ರ ಈ ವಾರ ನಮ್ಮ ಕೈಸೇರಿದೆ. ಅವರ ಇಚ್ಛೆಯಂತೆ ಹೆಸರನ್ನೂ ವಿಳಾಸವನ್ನೂ ಪ್ರಕಟಿಸುತ್ತಿಲ್ಲ. ಪತ್ರದ ಸಾರಾಂಶ ಹೀಗಿದೆ:

"ನಮ್ಮದು ಮೂವತ್ತು-ನಲವತ್ತರ ನಿವೇಶನದಲ್ಲಿ ಕಟ್ಟಿದ ಮನೆ. ಮಗನ ಮದುವೆ ಗೊತ್ತಾದುದರಿಂದ ಮೇಲೊಂದು ಅಂತಸ್ತು ಏರಿಸಲು ನಿಶ್ಚಯಿಸಿ, ಕೆಲಸವನ್ನು ಮೇಸ್ತ್ರಿಯೊಬ್ಬನಿಗೆ ಗುತ್ತಿಗೆ ಕೊಟ್ಟೆವು. ಕಳೆದ ತಿಂಗಳು ಹೊರಗೋಡೆಗೆ ಗಾರೆ ಮಾಡುತ್ತಿದ್ದಾಗ ಸಾರುವೆಯ ಹಲಗೆ ಜಾರಿ ಕೆಲಸಗಾರನೊಬ್ಬ ಕೆಳಗೆ ಬಿದ್ದ. ದೇವರ ದಯೆಯಿಂದ ಪ್ರಾಣ ಉಳಿಯಿತು. ಆದರೆ ಬಲಗೈಯ ಮಣಿಕಟ್ಟು ಮುರಿಯಿತು. ಮೇಸ್ತ್ರಿ ಆಸ್ಪತ್ರೆಯ ಬಿಲ್ಲು ಕಟ್ಟಿ, ಮೇಲೆ ಇಪ್ಪತ್ತು ಸಾವಿರ ರೂಪಾಯಿ ಕೊಟ್ಟು, 'ಇನ್ನು ಯಾವ ತಕರಾರೂ ಇಲ್ಲ' ಎಂಬ ಕಾಗದಕ್ಕೆ ಆತನ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾನೆ. ಆತನಿಗೆ ಮೂವತ್ತೈದು ವಯಸ್ಸು, ಯಾದಗಿರಿ ಕಡೆಯವನು, ಹೆಂಡತಿ, ಇಬ್ಬರು ಮಕ್ಕಳೊಡನೆ ಎದುರಿನ ಖಾಲಿ ನಿವೇಶನದ ಶೆಡ್ಡಿನಲ್ಲಿದ್ದಾನೆ. 'ಅಮ್ಮಾ, ಇನ್ನು ಈ ಕೈ ಕರಣೆ ಹಿಡಿಯುವುದಿಲ್ಲವಂತೆ' ಎಂದು ಅವನ ಹೆಂಡತಿ ಹೇಳಿದಾಗ ನನಗೆ ಮಾತು ಹೊರಡಲಿಲ್ಲ. ನಮ್ಮ ಯಜಮಾನರು, 'ಮೇಸ್ತ್ರಿಯೇ ಬಗೆಹರಿಸಿಕೊಂಡಿದ್ದಾನೆ, ನಮಗೇಕೆ ಊರ ಉಸಾಬರಿ' ಎನ್ನುತ್ತಾರೆ. ವಿಷಯ ಇಲ್ಲಿಗೆ ಮುಗಿಯಿತೇ? ಅಥವಾ ಕಾನೂನಿನಲ್ಲಿ ಬೇರೇನಾದರೂ ದಾರಿಯುಂಟೇ?"

ಸಹೋದರಿ, ವಿಷಯ ಮುಗಿದಿಲ್ಲ. ಕಾನೂನಿನ ದೃಷ್ಟಿಯಲ್ಲಿ ಅದಿನ್ನೂ ಆರಂಭವೇ ಆಗಿಲ್ಲ.

ಕಟ್ಟಡ ಕುಸಿದು ಹಲವರು ಮಡಿದಾಗ ಪತ್ರಿಕೆಗಳಲ್ಲಿ ದೊಡ್ಡ ಅಕ್ಷರಗಳ ಸುದ್ದಿಯಾಗುತ್ತದೆ. 1983ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಗಂಗಾರಾಂ ಕಟ್ಟಡ ನಿರ್ಮಾಣದ ಹಂತದಲ್ಲೇ ಉರುಳಿ ನೂರಕ್ಕೂ ಹೆಚ್ಚು ಜನ ಸತ್ತುದನ್ನು ಹಿರಿಯರು ಮರೆತಿಲ್ಲ. 2024ರ ಅಕ್ಟೋಬರಿನಲ್ಲಿ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು ಕೂಲಿಕಾರರು ಪ್ರಾಣ ತೆತ್ತುದು ಈಚಿನ ಮಾತು. ಅಂಥ ಸಂದರ್ಭದಲ್ಲಿ ಮಂತ್ರಿಗಳು ಬರುತ್ತಾರೆ, ಪರಿಹಾರ ಘೋಷಣೆಯಾಗುತ್ತದೆ. ಆದರೆ ನಮ್ಮ ನಿಮ್ಮ ಬೀದಿಯಲ್ಲಿ ಒಬ್ಬನೇ ಒಬ್ಬ ಹದಿನೈದು ಅಡಿಯಿಂದ ಬಿದ್ದರೆ ಯಾರೂ ಬರುವುದಿಲ್ಲ. ಬರುವವನು ಮೇಸ್ತ್ರಿ, ಅವನ ಜೇಬಿನಲ್ಲಿರುವುದು ಒಂದು ಕಾಗದ. ಆ ಕಾಗದದ ಬೆಲೆ ಏನೆಂಬುದನ್ನು ಮೊದಲು ನೋಡೋಣ.

ಕೆಲಸದಲ್ಲಿ ಗಾಯಗೊಂಡವನಿಗೆ ಪರಿಹಾರ ಕೊಡಬೇಕೆಂಬ ಕಾಯ್ದೆ ನಮ್ಮ ದೇಶದಲ್ಲಿ 1923ರಷ್ಟು ಹಿಂದೆಯೇ ಬಂದಿತು. 2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು ಆ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡಿತು. ಹೆಸರು ಬದಲಾದರೂ ತಿರುಳು ಬದಲಾಗಿಲ್ಲ. ಆ ತಿರುಳು ಇಷ್ಟೇ: ಕೆಲಸದಿಂದ, ಕೆಲಸದ ಅವಧಿಯಲ್ಲಿ ಅಪಘಾತವಾದರೆ ಮಾಲೀಕನು ಪರಿಹಾರ ಕೊಡತಕ್ಕದ್ದು. ಅವನ ತಪ್ಪಿತ್ತೋ ಇಲ್ಲವೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ಹಲಗೆಯನ್ನು ಸರಿಯಾಗಿ ಕಟ್ಟಿರಲಿಲ್ಲವೆಂದು ಕೂಲಿಯವನು ಸಾಬೀತುಮಾಡಬೇಕಾಗಿಲ್ಲ. "ಅವನೇ ಎಚ್ಚರ ತಪ್ಪಿದ" ಎಂದು ಮಾಲೀಕನು ಹೇಳಿ ಪಾರಾಗುವಂತೆಯೂ ಇಲ್ಲ. ಕುಡಿದಿದ್ದ, ಸುರಕ್ಷತೆಗೆಂದು ಹೇಳಿದ ಸ್ಪಷ್ಟ ಆಜ್ಞೆಯನ್ನು ಬೇಕೆಂದೇ ಮೀರಿದ, ರಕ್ಷಣೆಯ ಸಾಧನವನ್ನು ಬೇಕೆಂದೇ ತೆಗೆದುಹಾಕಿದ ಎಂಬ ಕೆಲವೇ ಆಕ್ಷೇಪಣೆಗಳಿಗೆ ಅವಕಾಶವುಂಟು. ಸಾವು ಅಥವಾ ಶಾಶ್ವತವಾದ ಪೂರ್ಣ ಅಸಾಮರ್ಥ್ಯ ಸಂಭವಿಸಿದಲ್ಲಿ ಅವೂ ನಿಲ್ಲುವುದಿಲ್ಲ.

ಹೀಗಿರುವಾಗ ಹೆಬ್ಬೆಟ್ಟಿನ ಕಾಗದ ಏನು ಮಾಡೀತು? ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಕರಾರು ಕಾನೂನಿನಲ್ಲಿ ಅಸಿಂಧು. ಇಬ್ಬರೂ ಒಪ್ಪಿ ಒಂದು ಮೊತ್ತಕ್ಕೆ ರಾಜಿಯಾದರೂ ಆ ಒಪ್ಪಂದವನ್ನು ಅಧಿಕಾರಿಯ ಮುಂದಿಟ್ಟು ನೋಂದಾಯಿಸಬೇಕು. ಮೊತ್ತ ತೀರ ಕಡಿಮೆಯೆಂದು ಕಂಡರೆ ಅಧಿಕಾರಿ ನೋಂದಣಿಯನ್ನು ನಿರಾಕರಿಸಬಹುದು. ಕೆಲಸಗಾರನು ಸತ್ತಲ್ಲಿಯಂತೂ ಕಟ್ಟು ಇನ್ನೂ ಬಿಗಿ. ಹಣವನ್ನು ಅಧಿಕಾರಿಯಲ್ಲಿಯೇ ಠೇವಣಿ ಇಡಬೇಕು. ಮುಂಗಡವಾಗಿ ಕೊಟ್ಟ ಅಲ್ಪ ಮೊತ್ತದ ಹೊರತು, ವಿಧವೆಯ ಕೈಗೆ ನೇರವಾಗಿ ಕೊಟ್ಟ ಹಣವನ್ನು ಪರಿಹಾರವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ದುಃಖದಲ್ಲಿರುವವಳಿಂದ ಸಹಿ ಪಡೆಯುವುದು ಎಷ್ಟು ಸುಲಭವೆಂಬುದನ್ನು ಶಾಸನ ಮಾಡಿದವರು ಬಲ್ಲವರಾಗಿದ್ದರು.

ಇನ್ನು ಮೊತ್ತದ ಮಾತು. ಪೂರ್ಣ ಅಸಾಮರ್ಥ್ಯಕ್ಕೆ ತಿಂಗಳ ವೇತನದ ನೂರಕ್ಕೆ 60 ಭಾಗವನ್ನು, ಸಾವಿಗೆ ನೂರಕ್ಕೆ 50 ಭಾಗವನ್ನು, ವಯಸ್ಸಿಗೆ ತಕ್ಕಂತೆ ಅನುಸೂಚಿಯಲ್ಲಿ ಕೊಟ್ಟಿರುವ ಅಂಕದಿಂದ ಗುಣಿಸಬೇಕು. ಚಿಕ್ಕ ವಯಸ್ಸಿನವನಿಗೆ ಅಂಕ ಹೆಚ್ಚು. ಏಕೆಂದರೆ ಅವನು ಕಳೆದುಕೊಂಡ ದುಡಿಮೆಯ ವರ್ಷಗಳು ಹೆಚ್ಚು. ಮೂವತ್ತೈದು ವಯಸ್ಸಿಗೆ ಆ ಅಂಕ 197.06. ಲೆಕ್ಕಕ್ಕೆ ಹಿಡಿಯುವ ವೇತನಕ್ಕೆ 2020ರ ಜನವರಿ 3ರ ಅಧಿಸೂಚನೆ ತಿಂಗಳಿಗೆ 15,000 ರೂಪಾಯಿಯ ಮಿತಿ ಹಾಕಿತು. ನುರಿತ ಗಾರೆಯವನ ದಿನಗೂಲಿಯನ್ನು ಗಣಿಸಿದರೆ ನಿಮ್ಮ ಮನೆಯಲ್ಲಿ ಬಿದ್ದವನು ಆ ಮಿತಿಯನ್ನು ಮುಟ್ಟಿಯೇ ಮುಟ್ಟುತ್ತಾನೆ. 15,000ದ ನೂರಕ್ಕೆ 60 ಎಂದರೆ 9,000. ಅದನ್ನು 197.06ರಿಂದ ಗುಣಿಸಿದರೆ 17,73,540 ರೂಪಾಯಿ. ಅವನ ದುಡಿಮೆಯ ಶಕ್ತಿ ನೂರಕ್ಕೆ 40ರಷ್ಟು ಮಾತ್ರ ಕುಂದಿದೆಯೆಂದು ವೈದ್ಯರು ಹೇಳಿದರೂ 7,09,416 ರೂಪಾಯಿ ಸಲ್ಲಬೇಕು. ಮೇಸ್ತ್ರಿ ಕೊಟ್ಟುದು ಇಪ್ಪತ್ತು ಸಾವಿರ.

ಇದಲ್ಲದೆ ಚಿಕಿತ್ಸೆಯ ವಾಸ್ತವ ವೆಚ್ಚ ಪ್ರತ್ಯೇಕವಾಗಿ ಮಾಲೀಕನ ಮೇಲೆಯೇ ಬೀಳುತ್ತದೆ. ಆಸ್ಪತ್ರೆಯ ಬಿಲ್ಲು ಕಟ್ಟಿದುದು ಉಪಕಾರವಲ್ಲ, ಕರ್ತವ್ಯ. ತಿಂಗಳೊಳಗೆ ಪರಿಹಾರ ಸಲ್ಲಿಸದಿದ್ದರೆ ನೂರಕ್ಕೆ 12ರಂತೆ ಬಡ್ಡಿ; ತಕ್ಕ ಕಾರಣವಿಲ್ಲದೆ ತಡಮಾಡಿದರೆ ಮೊತ್ತದ ಅರ್ಧದವರೆಗೆ ದಂಡವನ್ನೂ ವಿಧಿಸಬಹುದು.

"ಕೈ ಇದೆಯಲ್ಲ, ಮಣಿಕಟ್ಟು ತಾನೆ ಮುರಿದದ್ದು? ಅದಕ್ಕೆ ಇಷ್ಟೊಂದು ಹಣವೇ?" ಎಂದು ಯಾರಾದರೂ ಕೇಳಬಹುದು. ಇದಕ್ಕೆ ಸರ್ವೋಚ್ಚ ನ್ಯಾಯಾಲಯ 1975ರ ಡಿಸೆಂಬರಿನಲ್ಲಿಯೇ ಉತ್ತರ ಕೊಟ್ಟಿದೆ. 1968ರ ಜುಲೈಯಲ್ಲಿ ಒರಿಸ್ಸಾದ ಬಡಗಿಯೊಬ್ಬ ಚಿತ್ರಮಂದಿರವೊಂದರಲ್ಲಿ ಅಲಂಕಾರದ ಮರಗೆಲಸ ಮಾಡುತ್ತಿದ್ದಾಗ ಬಿದ್ದು, ಎಡಗೈಯನ್ನು ಕತ್ತರಿಸಬೇಕಾಯಿತು. ಆತ ತನ್ನ ನೌಕರನಲ್ಲ, ಹಂಗಾಮಿ ಗುತ್ತಿಗೆಯವನು. ಮೇಲಾಗಿ ತಪ್ಪು ಅವನದೇ ಎಂಬುದು ಚಿತ್ರಮಂದಿರದ ಮಾಲೀಕರ ವಾದ. ವಾದ ನಿಲ್ಲಲಿಲ್ಲ. ಒಂದೇ ಕೈಯಿಂದ ಮರಗೆಲಸ ಸಾಧ್ಯವಿಲ್ಲ. ಆದುದರಿಂದ ಬಡಗಿಯ ಪಾಲಿಗೆ ಅದು ಪೂರ್ಣ ಅಸಾಮರ್ಥ್ಯವೇ ಎಂದು ನ್ಯಾಯಾಲಯ ಎತ್ತಿಹಿಡಿಯಿತು. ಪರಿಹಾರದ ಹೊಣೆ ಅಪಘಾತವಾದ ದಿನದಿಂದಲೇ ಹುಟ್ಟುತ್ತದೆಂದೂ ಹೇಳಿತು. ಅಂದು ಸಿಕ್ಕಿದ ಮೊತ್ತ 9,800 ರೂಪಾಯಿ, ಅದರ ಅರ್ಧದಷ್ಟು ದಂಡ ಮತ್ತು ಬಡ್ಡಿ. ಮೊತ್ತಕ್ಕಿಂತ ಅದರ ಹಿಂದಿನ ತತ್ತ್ವ ದೊಡ್ಡದು: ಗಾಯವನ್ನು ಅಳೆಯಬೇಕಾದುದು ದೇಹದ ಮೇಲಲ್ಲ, ಕಸುಬಿನ ಮೇಲೆ. ಗುಮಾಸ್ತನ ಮಣಿಕಟ್ಟು ಮುರಿದರೆ ರಜೆ ಹಾಕಿ ಮತ್ತೆ ಕಛೇರಿಗೆ ಹೋದಾನು. ಗಾರೆಯವನ ಬಲಗೈ ಮಡಿಸಲಾರದಂತಾದರೆ ಅವನ ಕಸುಬೇ ಮುಗಿಯಿತು. ಆದುದರಿಂದ ವೈದ್ಯರ ಪ್ರಮಾಣಪತ್ರದಲ್ಲಿ ಎಲುಬಿನ ವಿಚಾರ ಮಾತ್ರವಲ್ಲ, ಅವನ ಕಸುಬಿನ ಹೆಸರು ಮತ್ತು ದುಡಿಯುವ ಶಕ್ತಿ ಎಷ್ಟು ಕುಂದಿದೆಯೆಂಬುದೂ ಬರುವಂತೆ ನೋಡಿಕೊಳ್ಳಬೇಕು.

ಈಗ ನಿಮ್ಮ ಯಜಮಾನರ ಮನಸ್ಸಿನಲ್ಲಿರುವ ಪ್ರಶ್ನೆಗೆ ಬರೋಣ: ಹೊಣೆ ಯಾರದು? ದೊಡ್ಡ ಕಟ್ಟಡ ಕಟ್ಟಿ ಮಾರುವ ಸಂಸ್ಥೆ ಒಳಗುತ್ತಿಗೆ ಕೊಟ್ಟಿದ್ದರೆ ಕೂಲಿಯವನು ನೇರವಾಗಿ ಸಂಸ್ಥೆಯನ್ನೇ ಕೇಳಬಹುದು. ಸಂಸ್ಥೆ ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಲಿ. ಆದರೆ ಆ ನಿಯಮ ತನ್ನ ವ್ಯಾಪಾರ, ವ್ಯವಹಾರದ ಅಂಗವಾಗಿ ಗುತ್ತಿಗೆ ಕೊಡುವವರಿಗಾಗಿ ಬರೆದದ್ದು. ಸ್ವಂತ ವಾಸಕ್ಕೆ ಮನೆ ಕಟ್ಟಿಸುವ ಸಂಸಾರಸ್ಥರು ಪೂರ್ತಿ ಗುತ್ತಿಗೆ ಕೊಟ್ಟಿದ್ದರೆ ಮೊದಲ ಹೊಣೆ ಮೇಸ್ತ್ರಿಯದೇ. ಗುತ್ತಿಗೆ ಹೆಸರಿಗೆ ಮಾತ್ರವಾಗಿದ್ದು, ಸಾಮಾನು ತಂದುಕೊಟ್ಟು, ದಿನವೂ ಕೆಲಸ ಹೇಳಿ, ವಾರದ ಬಟವಾಡೆಯನ್ನು ನೀವೇ ಮಾಡುತ್ತಿದ್ದರೆ ನಿಮ್ಮನ್ನೇ ಮಾಲೀಕರೆಂದು ಎಣಿಸುವ ಸಂಭವವುಂಟು. ಹಂಗಾಮಿ ಕೆಲಸಗಾರನಿಗೆ ಪರಿಹಾರವಿಲ್ಲವೆಂಬ ಹಳೆಯ ವಾದಕ್ಕೆ 2000ದ ತಿದ್ದುಪಡಿಯಿಂದಲೇ ಬಲ ಹೋಗಿದೆ. ಯಜಮಾನರು ಗುತ್ತಿಗೆಯ ಕರಾರನ್ನೂ ಹಣ ಕೊಟ್ಟ ಲೆಕ್ಕವನ್ನೂ ತೆಗೆದು ಒಮ್ಮೆ ನೋಡಲಿ. ಊರ ಉಸಾಬರಿಯೋ ಮನೆಯ ಉಸಾಬರಿಯೋ ಎಂಬುದು ಅಲ್ಲಿಯೇ ತಿಳಿದೀತು.

ಬೇರೆ ದಾರಿಗಳೂ ಇವೆ. ಗುತ್ತಿಗೆದಾರನು ಕೆಲಸಗಾರನಿಗೆ ಇ.ಎಸ್.ಐ. ಮಾಡಿಸಿದ್ದರೆ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆ ನಿಮಗೆ ದೂರವಲ್ಲ. ಆಗ ಚಿಕಿತ್ಸೆಯೂ ಅಸಾಮರ್ಥ್ಯದ ಭತ್ಯೆಯೂ ಇ.ಎಸ್.ಐ.ನಿಂದಲೇ ದೊರೆಯುತ್ತವೆ, ಮಾಲೀಕನಿಂದ ಮತ್ತೆ ಕೇಳುವಂತಿಲ್ಲ. ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಅಪಘಾತಕ್ಕೆ ಮೊದಲೇ ಹೆಸರು ನೋಂದಾಯಿಸಿದ್ದರೆ ಮಂಡಳಿಯ ಅಪಘಾತ ಸಹಾಯಧನ ಬೇರೆ ಉಂಟು. ಹದಿನೆಂಟರಿಂದ ಅರವತ್ತು ವಯಸ್ಸಿನೊಳಗಿದ್ದು, ಹಿಂದಿನ ಹನ್ನೆರಡು ತಿಂಗಳಲ್ಲಿ ತೊಂಬತ್ತು ದಿನ ನಿರ್ಮಾಣದ ಕೆಲಸ ಮಾಡಿದವರು ನೋಂದಾಯಿಸಿಕೊಳ್ಳಬಹುದು. ಕಟ್ಟಡದ ವೆಚ್ಚದ ಮೇಲೆ ನೂರಕ್ಕೆ ಒಂದರಂತೆ ವಸೂಲಾಗುವ ಸೆಸ್ ಸೇರುವುದು ಆ ಮಂಡಳಿಗೇ. ಹಲಗೆ ಕಟ್ಟುವುದರಲ್ಲಿ ಅಜಾಗರೂಕತೆ ಇದ್ದುದು ಸ್ಪಷ್ಟವಾದರೆ ಪೊಲೀಸರಲ್ಲಿ ದೂರು ಕೊಡಬಹುದು; 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಟ್ಟಡ ಕಟ್ಟುವಾಗಿನ ನಿರ್ಲಕ್ಷ್ಯವೂ ಒಂದು ಅಪರಾಧ. ಸಿವಿಲ್ ದಾವೆ ಹೂಡಿ ನಷ್ಟ ಕೇಳುವ ಹಾದಿಯೂ ತೆರೆದಿದೆ. ಆದರೆ ಅಲ್ಲಿ ತಪ್ಪನ್ನು ಸಾಬೀತುಮಾಡಬೇಕು, ಕಾಲವೂ ಹಿಡಿಯುತ್ತದೆ. ಮೇಲಾಗಿ ಒಂದೇ ಗಾಯಕ್ಕೆ ಮಾಲೀಕನಿಂದ ಈ ಪರಿಹಾರವನ್ನೂ ದಾವೆಯ ಹಣವನ್ನೂ ಎರಡನ್ನೂ ಪಡೆಯುವಂತಿಲ್ಲ. ಕೂಲಿಯವನಿಗೆ ಪರಿಹಾರದ ಅರ್ಜಿಯೇ ಹತ್ತಿರದ ದಾರಿ.

ಅರ್ಜಿಗೆ ಬೇಕಾದುದು ಏನು? ಮೊದಲನೆಯದು, ಮಾಲೀಕನಿಗೆ ಬರವಣಿಗೆಯಲ್ಲಿ ನೋಟೀಸು: ಯಾವ ದಿನ, ಎಲ್ಲಿ, ಹೇಗೆ ಬಿದ್ದೆ ಎಂಬುದು. ಎರಡನೆಯದು, ಆಸ್ಪತ್ರೆಯ ದಾಖಲೆ. ಪೊಲೀಸರ ತಂಟೆ ಬೇಡವೆಂದು "ಮನೆಯಲ್ಲಿ ಕಾಲು ಜಾರಿ ಬಿದ್ದ" ಎಂದು ಬರೆಸುವ ಚಾಳಿ ಮೇಸ್ತ್ರಿಗಳಲ್ಲಿ ಉಂಟು. ಆ ಒಂದು ಸಾಲು ಇಡೀ ಅರ್ಜಿಯನ್ನು ನುಂಗಿಬಿಡಬಹುದು. ಹಾಗೆ ಬರೆಸಿದ್ದರೆ ಈಗಲೇ ವೈದ್ಯರಿಗೆ ನಿಜಸಂಗತಿಯನ್ನು ಬರೆದುಕೊಡಲಿ. ಮೂರನೆಯದು, ವಯಸ್ಸಿಗೂ ಕೂಲಿಗೂ ಪುರಾವೆ. ಫೋನಿನಲ್ಲಿ ಬಂದ ಹಣದ ವಿವರ, ಜೊತೆಗಾರರ ಹೇಳಿಕೆ, ಮೇಸ್ತ್ರಿಯ ಹಾಜರಿ ಪುಸ್ತಕ, ಎಲ್ಲವೂ ನಡೆಯುತ್ತದೆ. ಹಳೆಯ ಕಾಯ್ದೆ ಅರ್ಜಿಗೆ ಎರಡು ವರ್ಷಗಳ ಗಡುವು ಇಟ್ಟಿತ್ತು. ಅಷ್ಟು ಕಾಯುವುದೇ ಬೇಡ, ಈ ತಿಂಗಳಲ್ಲೇ ಕೆಲಸ ಆರಂಭವಾಗಲಿ. ವಕೀಲರಿಗೆ ಹಣವಿಲ್ಲವೆಂಬ ಚಿಂತೆಯೂ ಬೇಡ. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿರುವ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಬಡವರಿಗೆ ಉಚಿತ ನೆರವು ದೊರೆಯುತ್ತದೆ. ಸಂಹಿತೆ ಹೊಸದಾದುದರಿಂದ ಅರ್ಜಿಯ ನಮೂನೆಯನ್ನೂ ಸಲ್ಲಿಸಬೇಕಾದ ಕಛೇರಿಯನ್ನೂ ಅಲ್ಲಿಯೇ ವಿಚಾರಿಸಿಕೊಳ್ಳುವುದು ಮೇಲು.

ಮನೆ ಕಟ್ಟಿಸಲು ಹೊರಟಿರುವ ಇತರ ವಾಚಕರಿಗೂ ಒಂದು ಮಾತು. ಪಾಯದ ಪೂಜೆಗೆ ಮುಹೂರ್ತ ನೋಡುವಾಗಲೇ ಮೇಸ್ತ್ರಿಯನ್ನು ಮೂರು ಪ್ರಶ್ನೆ ಕೇಳಿ: ಕೆಲಸಗಾರರಿಗೆ ವಿಮೆ ಇದೆಯೇ? ಅವರ ಹೆಸರುಗಳ ಪಟ್ಟಿ ಎಲ್ಲಿ? ಮಂಡಳಿಯ ಗುರುತಿನ ಚೀಟಿ ಎಷ್ಟು ಜನರಲ್ಲಿದೆ? ಸಾರುವೆ ಕಟ್ಟಿದ ದಿನ ಹಲಗೆಗಳು ಬಿಗಿಯಾಗಿವೆಯೇ, ವಿದ್ಯುತ್ ತಂತಿ ಕೈಗೆಟಕುವಂತಿದೆಯೇ ಎಂದು ನೀವೇ ಒಮ್ಮೆ ತಲೆಯೆತ್ತಿ ನೋಡಿ. ನಮ್ಮ ಇಕ್ಕಟ್ಟಾದ ಬೀದಿಗಳಲ್ಲಿ ಎರಡನೆಯ ಅಂತಸ್ತಿಗೂ ತಂತಿಗೂ ನಡುವೆ ಅಂತರ ಬಹಳವಿರುವುದಿಲ್ಲ. ವಿಮೆಯ ಕಂತು ನೆಲದ ಕಲ್ಲಿನ ಬೆಲೆಗೆ ಹೋಲಿಸಿದರೆ ಏನೇನೂ ಅಲ್ಲ.

ಮೂಡಲಪಾಳ್ಯದ ಸಹೋದರಿಗೆ ಕಡೆಯದಾಗಿ ಇಷ್ಟು. ಅಪಘಾತ ನಡೆದ ದಿನ ಮನೆಯಲ್ಲಿದ್ದವರು ನೀವು. ಆತ ನಿಮ್ಮ ಗೋಡೆಗೆ ಗಾರೆ ಮಾಡುವಾಗ ಬಿದ್ದನೆಂದು ನಿಜವನ್ನು ಬರೆದು ಸಹಿ ಹಾಕಿಕೊಡಿ. ಅವನ ಹೆಂಡತಿಯೊಡನೆ ನ್ಯಾಯದೇಗುಲದವರೆಗೆ ಒಮ್ಮೆ ಹೋಗಿಬನ್ನಿ. ಆ ಸಹಿಯಿಂದ ನಿಮ್ಮ ಮನೆಗೂ ಸ್ವಲ್ಪ ಖರ್ಚು ಬರಬಹುದು. ಅದನ್ನು ಮುಚ್ಚಿಡುವುದು ನಮಗೆ ಸರಿತೋರದು. ಆದರೆ ಸಾಲ ಮಾಡಿ ಕಟ್ಟಿದ ಮನೆಯ ಎಲ್ಲ ಕಂತುಗಳನ್ನೂ ತೀರಿಸುವವರು ಈ ಒಂದು ಬಾಕಿಯನ್ನೇಕೆ ಉಳಿಸಿಕೊಳ್ಳಬೇಕು? ಮಗ ಸೊಸೆಯನ್ನು ಕರೆತರುವ ಅಂತಸ್ತು ಅದು. ಋಣವಿಲ್ಲದೆ ಗೃಹಪ್ರವೇಶವಾಗಲಿ.