ಕೆಮ್ಮಿನ ಊರು, ಆಟದ ಊರು



ಜನವರಿ ಬಂತೆಂದರೆ ಟಿ.ವಿ.ಯಲ್ಲಿ ದಾವೋಸ್ ಎಂಬ ಹೆಸರು ಕೇಳುತ್ತೀರಲ್ಲ? ಸೂಟು ತೊಟ್ಟ ಮಂತ್ರಿಗಳು, ಉದ್ಯಮಿಗಳು, ಅವರ ಹಿಂದೆ ಬಿಳಿ ಬೆಟ್ಟ. ಆ ಬೆಟ್ಟದಲ್ಲಿ ಸ್ಕೀ ಕಟ್ಟಿಕೊಂಡು ಜಾರುವವರನ್ನೂ ನೋಡಿರುತ್ತೀರಿ. ಆದರೆ ಆ ಊರಿಗೆ ಹೊರಗಿನ ಜನ ಮೊದಮೊದಲು ಹೋದದ್ದು ಆಡುವುದಕ್ಕಲ್ಲ, ಕೆಮ್ಮುತ್ತಾ.

ಸ್ವಿಟ್ಜರ್ಲೆಂಡಿನ ದಾವೋಸ್ ಸುಮಾರು 1560 ಮೀಟರ್ ಎತ್ತರದಲ್ಲಿದೆ. ಕ್ಷಯಕ್ಕೆ ಮದ್ದೇ ಇಲ್ಲದ ಕಾಲದಲ್ಲಿ ಅಲೆಕ್ಸಾಂಡರ್ ಸ್ಪೆಂಗ್ಲರ್ ಎಂಬ ವೈದ್ಯ ಅಲ್ಲಿಯ ಹವೆ ರೋಗಿಗಳಿಗೆ ಒಳ್ಳೆಯದೆಂದು ನಂಬಿದ. 1865ರಿಂದ ಚಳಿಗಾಲದಲ್ಲೂ ರೋಗಿಗಳು ಬರತೊಡಗಿದರು. ಕಂಬಳಿ ಹೊದ್ದು ಬಾಲ್ಕನಿಯ ಬಿಸಿಲಲ್ಲಿ ಗಂಟೆಗಟ್ಟಲೆ ಮಲಗುವುದೇ ಚಿಕಿತ್ಸೆ!

ಕಾಲೇಜಿನಲ್ಲಿ ಷರ್ಲಾಕ್ ಹೋಮ್ಸ್ ಕತೆಗಳನ್ನು ಪಾಠದ ಪುಸ್ತಕದೊಳಗೆ ಬಚ್ಚಿಟ್ಟು ಓದಿದವಳು ನಾನು. ಆ ಕತೆಗಾರ ಆರ್ಥರ್ ಕಾನನ್ ಡಾಯ್ಲ್‌ನ ಹೆಂಡತಿ ಲೂಯಿಸಾಗೆ 1893ರಲ್ಲಿ ಕ್ಷಯವೆಂದು ಗೊತ್ತಾಯಿತು. ಆಕೆಯನ್ನು ದಾವೋಸಿಗೆ ಕರೆದೊಯ್ದ ಡಾಯ್ಲ್ ಅಲ್ಲಿ ಸ್ಕೀ ಕಲಿತ. 1894ರ ಮಾರ್ಚಿನಲ್ಲಿ ಊರಿನ ಬ್ರಾಂಗರ್ ಸಹೋದರರ ಜೊತೆ ಬೆಟ್ಟ ದಾಟಿ ಅರೋಸಾ ಎಂಬ ಊರಿಗೆ ಹೋದ. ಕಡಿದಾದ ಇಳಿಜಾರೊಂದರಲ್ಲಿ ಅವನ ಸ್ಕೀಗಳು ಕೈತಪ್ಪಿ ಕೆಳಗೆ ಓಡಿದವು. ಪಾಪ, ಕುಂಡೆಯ ಮೇಲೆ ಜಾರಿಕೊಂಡೇ ಇಳಿದ. ಪ್ಯಾಂಟಿನ ಗತಿ ಏನಾಯಿತೆಂದು ಅದೇ ವರ್ಷ ಸ್ಟ್ರಾಂಡ್ ಪತ್ರಿಕೆಯಲ್ಲಿ ತಾನೇ ತಮಾಷೆಯಾಗಿ ಬರೆದ. ಈ ಆಟಕ್ಕಾಗಿ ಇಂಗ್ಲಿಷರು ನೂರಾರು ಸಂಖ್ಯೆಯಲ್ಲಿ ಬರುವ ಕಾಲ ಬಂದೀತೆಂದೂ ಹೇಳಿದ. ಬಂದರು ಕೂಡ.

ಹೆಂಡತಿ ಕಾಯಿಲೆಯಲ್ಲಿರುವಾಗ ಇವನಿಗೇನು ಆಟ ಎಂದು ನನಗೆ ಮೊದಲು ಸಿಟ್ಟೇ ಬಂತು. ಆಮೇಲೆ, ಹಾಸಿಗೆ ಹಿಡಿದ ಅತ್ತೆಯವರನ್ನು ನೋಡಿಕೊಂಡ ವರ್ಷಗಳು ನೆನಪಾದವು. ದಿನಾ ಸಂಜೆ ಹತ್ತು ನಿಮಿಷ ಟೆರೇಸಿಗೆ ಹೋಗಿ ಸುಮ್ಮನೆ ನಿಂತು ಬರುತ್ತಿದ್ದೆ. ಅದಿಲ್ಲದಿದ್ದರೆ ನನ್ನಿಂದ ಆಗುತ್ತಿರಲಿಲ್ಲ. ಸಿಟ್ಟು ಇಳಿಯಿತು. ಲೂಯಿಸಾ 1906ರವರೆಗೆ ಬದುಕಿದಳು.

ಆಗೆಲ್ಲ ಒಮ್ಮೆ ಜಾರಬೇಕಾದರೆ ಮೊದಲು ಏದುಸಿರು ಬಿಡುತ್ತಾ ಬೆಟ್ಟ ಹತ್ತಬೇಕಿತ್ತು. 1934ರ ಡಿಸೆಂಬರಿನಲ್ಲಿ ದಾವೋಸಿನ ಬೋಲ್ಗನ್ ಇಳಿಜಾರಿನಲ್ಲಿ, ಸ್ಕೀ ಕಟ್ಟಿಕೊಂಡವರನ್ನು ಹಗ್ಗದಿಂದ ಮೇಲಕ್ಕೆಳೆಯುವ ಲಿಫ್ಟ್ ಬಂತು. 1943ರಲ್ಲಿ ಅಮೆರಿಕದಲ್ಲಿ ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದರು. ಕ್ಷಯಕ್ಕೆ ಮದ್ದು ಸಿಕ್ಕಮೇಲೆ ಸ್ಯಾನಿಟೋರಿಯಂಗಳು ಒಂದೊಂದಾಗಿ ಖಾಲಿಯಾದವು. 1900ರಲ್ಲಿ ತೆರೆದ ಷಾಟ್ಸಾಲ್ಪ್ ಸ್ಯಾನಿಟೋರಿಯಂ 1950ರ ದಶಕದಲ್ಲಿ ಹೋಟೆಲಾಯಿತು.

ನಿಮ್ಮಲ್ಲಿ ಯಾರಾದರೂ ಆ ಕಡೆ ಹೋದರೆ ಷಾಟ್ಸಾಲ್ಪ್‌ನ ಉದ್ದನೆಯ ಬಾಲ್ಕನಿಗಳನ್ನು ನೋಡಿ ಬನ್ನಿ. ನನಗೊಂದು ಫೋಟೋ ತನ್ನಿ, ಮರೆಯಬೇಡಿ.