ಬೀಗ ಮುರಿಯುವುದೂ ಬೇಡ, ಕಲಿಕೆ ನಿಲ್ಲುವುದೂ ಬೇಡ

ನಮ್ಮ ಕಂಪ್ಯೂಟರ್ ಲ್ಯಾಬ್‌ನಲ್ಲಿ ಹೊಸ ಸಾಫ್ಟ್‌ವೇರ್ ಹಾಕಲು ಹೋದವರಿಗೆಲ್ಲ ಒಂದೇ ಪ್ರಶ್ನೆ ಎದುರಾಗುತ್ತದೆ: ಅಡ್ಮಿನ್ ಪಾಸ್‌ವರ್ಡ್ ಏನು? ಅದು ನಮ್ಮ ಬಳಿ ಇರುವುದಿಲ್ಲ. ಅಲ್ಲಿಗೆ ಕಥೆ ಮುಗಿಯಿತು.

ಕಳೆದ ತಿಂಗಳು ನನ್ನ ಕಥೆಯೂ ಹಾಗೇ ಮುಗಿಯುವುದರಲ್ಲಿತ್ತು. ಅಕೌಂಟೆನ್ಸಿ ಪ್ರಾಜೆಕ್ಟ್‌ಗೆ ಅಬ್ಬಾ ಅವರ ಸೈಕಲ್ ಅಂಗಡಿಯ ಒಂದು ತಿಂಗಳ ಲೆಕ್ಕ ತೆಗೆದುಕೊಂಡಿದ್ದೆ. ಅಬ್ಬಾ ಲೆಕ್ಕ ಬರೆಯುವುದು ಕೆಂಪು ರಟ್ಟಿನ ಪುಸ್ತಕದಲ್ಲಿ, ಉರ್ದುವಿನಲ್ಲಿ. ಅದನ್ನು ಗ್ನುಕ್ಯಾಶ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಡೆಬಿಟ್, ಕ್ರೆಡಿಟ್ ಮಾಡಿ ನೋಡುವ ಆಸೆ. ನಮ್ಮ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಇರುವುದು ಲ್ಯಾಬ್ ಒಂದೇ.

ಲ್ಯಾಬ್ ಸರ್ ಪಾಸ್‌ವರ್ಡ್ ಹಾಕಿಕೊಡಲಿಲ್ಲ. ಆದರೆ, "ಅದರ ಪೋರ್ಟಬಲ್ ಆವೃತ್ತಿ ಇದೆಯಾ ನೋಡು. ಇದ್ದರೆ ನನ್ನ ಎದುರಿಗೇ ಓಡಿಸು" ಅಂದರು. ಇತ್ತು!

ಏನಿದು ಪೋರ್ಟಬಲ್? ಸಾಮಾನ್ಯವಾಗಿ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಿದಾಗ ಅದು ಸಿ ಡ್ರೈವ್‌ನ ಪ್ರೋಗ್ರಾಮ್ ಫೈಲ್ಸ್ ಫೋಲ್ಡರಿನಲ್ಲಿ ಕೂರುತ್ತದೆ. ಜೊತೆಗೆ ವಿಂಡೋಸ್‌ನ ರಿಜಿಸ್ಟ್ರಿಯಲ್ಲಿ, ಇಡೀ ಕಂಪ್ಯೂಟರಿಗೆ ಸೇರಿದ ಭಾಗದಲ್ಲಿ, ತನ್ನ ವಿವರ ಬರೆಯುತ್ತದೆ. ಈ ಎರಡೂ ಕಡೆ ಬರೆಯುವ ಹಕ್ಕು ಅಡ್ಮಿನ್‌ಗೆ ಮಾತ್ರ. ಪೋರ್ಟಬಲ್ ಸಾಫ್ಟ್‌ವೇರ್ ಆ ಜಾಗಗಳ ತಂಟೆಗೆ ಹೋಗುವುದಿಲ್ಲ. ಪ್ರೋಗ್ರಾಮೂ ಸೆಟ್ಟಿಂಗುಗಳೂ ಅದರ ಸ್ವಂತ ಫೋಲ್ಡರಿನಲ್ಲೇ ಇರುತ್ತವೆ. ಬಾಡಿಗೆ ಮನೆಗೆ ಬಂದವರು ಗೋಡೆಗೆ ಒಂದು ಮೊಳೆಯನ್ನೂ ಹೊಡೆಯದೆ, ತಮ್ಮ ಟ್ರಂಕಿನಲ್ಲೇ ಎಲ್ಲ ಇಟ್ಟುಕೊಂಡು ಇದ್ದ ಹಾಗೆ. ಜಾನ್ ಹಾಲರ್ ಎಂಬವರು 2004ರಲ್ಲಿ ಫೈರ್‌ಫಾಕ್ಸ್ ಬ್ರೌಸರನ್ನು ಹೀಗೆ ಪೆನ್‌ಡ್ರೈವ್‌ನಿಂದ ಓಡುವಂತೆ ಮಾಡಿದರು. ಅವರ ಕೆಲಸ ಮುಂದೆ ಪೋರ್ಟಬಲ್‌ಆ್ಯಪ್ಸ್ ಎಂಬ ತಾಣವಾಯಿತು. ಲಿಬ್ರೆಆಫೀಸ್, ಗ್ನುಕ್ಯಾಶ್ ಎರಡೂ ಅಲ್ಲಿ ಸಿಗುತ್ತವೆ.

ನನ್ನ ಲೆಕ್ಕ ಮೂರು ದಿನದಲ್ಲಿ ಮುಗಿಯಿತು. ಅಬ್ಬಾ ಉದ್ರಿ ಕೊಟ್ಟದ್ದನ್ನೂ ನಗದು ಮಾರಾಟದಲ್ಲೇ ಸೇರಿಸುತ್ತಿದ್ದರು ಎಂಬುದು ಆಗ ಗೊತ್ತಾಯಿತು. ಗಲ್ಲಾಪೆಟ್ಟಿಗೆಯಲ್ಲಿ ಯಾವಾಗಲೂ ಹಣ ಕಮ್ಮಿ ಯಾಕೆ ಬೀಳುತ್ತದೆ ಎಂದು ಮನೆಯಲ್ಲಿ ನಡೆಯುತ್ತಿದ್ದ ಜಗಳಕ್ಕೆ ಉತ್ತರ ಸಿಕ್ಕಿತು.

ಈಗ ಲ್ಯಾಬ್‌ಗೆ ಪೆನ್‌ಡ್ರೈವ್ ತರುವುದನ್ನೇ ನಿಲ್ಲಿಸಬೇಕು ಎಂಬ ಮಾತು ಕೇಳಿಬರುತ್ತಿದೆ. ಅದಕ್ಕೆ ಕಾರಣವಿದೆ. ಹೋದ ವರ್ಷ ಯಾರೋ 'ಪೋರ್ಟಬಲ್' ಎಂದು ತಂದದ್ದು ದುಡ್ಡಿನ ಸಾಫ್ಟ್‌ವೇರ್‌ನ ಕಳ್ಳ ಪ್ರತಿ. ಅದರ ಜೊತೆ ವೈರಸ್ ಬಂತು. ಎಲ್ಲರ ಫೋಲ್ಡರುಗಳು ಶಾರ್ಟ್‌ಕಟ್ ಆಗಿಬಿಟ್ಟವು. ಅಡ್ಮಿನ್ ಹಕ್ಕು ಇಲ್ಲದೆ ಓಡುತ್ತದೆ ಎಂದ ಮಾತ್ರಕ್ಕೆ ಅಪಾಯವಿಲ್ಲ ಎಂದಲ್ಲ. ನಾವು ತಿದ್ದಬಲ್ಲ ಫೈಲುಗಳನ್ನೆಲ್ಲ ಅದೂ ಕೆಡಿಸಬಲ್ಲದು. ಆದ್ದರಿಂದ ಬೀಗ ಬೇಕು, ಸರಿ. ಆದರೆ ಪೆನ್‌ಡ್ರೈವ್ ನಿಷೇಧಿಸಿ ಸುಮ್ಮನಾದರೆ ನಷ್ಟ ಯಾರಿಗೆ? ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದವರಿಗಲ್ಲ.

ಹಾಗಾಗಿ ನನ್ನ ಸಲಹೆ ಇಷ್ಟೇ. ನಮಗೆ ಬೇಕಾದ ನಾಲ್ಕೈದು ಪೋರ್ಟಬಲ್ ಸಾಫ್ಟ್‌ವೇರ್‌ಗಳನ್ನು ಲ್ಯಾಬ್ ಸರ್ ಅವರೇ ನಂಬಿಕಸ್ಥ ತಾಣದಿಂದ ಇಳಿಸಿ, ಆ್ಯಂಟಿವೈರಸ್‌ನಲ್ಲಿ ಪರೀಕ್ಷಿಸಿ, ಪ್ರತಿ ಕಂಪ್ಯೂಟರಿನಲ್ಲೂ ಒಂದು ಫೋಲ್ಡರಿನಲ್ಲಿ ಇಡಲಿ. ನಾವು ಪೆನ್‌ಡ್ರೈವ್‌ನಲ್ಲಿ ನಮ್ಮ ಲೆಕ್ಕದ ಫೈಲನ್ನು ಮಾತ್ರ ತರೋಣ, ಅದನ್ನೂ ಸ್ಕ್ಯಾನ್ ಮಾಡಿಸಿಯೇ ತೆರೆಯೋಣ. ಹೊಸದೊಂದು ಬೇಕಾದರೆ ಕೇಳಿ ಹಾಕಿಸಿಕೊಳ್ಳೋಣ. ಎಲ್ಲವೂ ಹೀಗೆ ಓಡುವುದಿಲ್ಲ ನಿಜ. ಡ್ರೈವರ್ ಬೇಕಾದವುಗಳಿಗೆ ಅಡ್ಮಿನ್ ಬೇಕೇ ಬೇಕು. ಆದರೆ ಕಾಮರ್ಸ್ ವಿದ್ಯಾರ್ಥಿಗೆ ಬೇಕಾದ ಸ್ಪ್ರೆಡ್‌ಶೀಟೂ ಲೆಕ್ಕದ ಪುಸ್ತಕವೂ ಓಡುತ್ತವೆ.

ಕನ್ನಡ ಪತ್ರಿಕೆಗಳಲ್ಲಿ 'ಅಮಾನತು' ಎಂದರೆ ಯಾರನ್ನೋ ಕೆಲಸದಿಂದ ದೂರ ಇಟ್ಟರು ಎಂದರ್ಥ. ನಮ್ಮ ಮನೆಯ ಉರ್ದುವಿನಲ್ಲಿ 'ಅಮಾನತ್' ಎಂದರೆ ನಂಬಿ ಒಪ್ಪಿಸಿದ ವಸ್ತು. ಲ್ಯಾಬ್‌ನ ಕಂಪ್ಯೂಟರ್ ನಮಗೆ ಅಮಾನತ್ ಎಂದು ತಿಳಿದು ನಾವು ನಡೆದುಕೊಂಡರೆ, ನಮ್ಮ ಪೆನ್‌ಡ್ರೈವ್‌ಗಳನ್ನು ಅಮಾನತು ಮಾಡುವ ಅಗತ್ಯ ಯಾರಿಗೂ ಬರುವುದಿಲ್ಲ.